ಜಾಲತಾಣದ ನಮೂನೆಗಳಲ್ಲಿ ಕನ್ನಡ ಅಕ್ಷರಸಂಕೇತ: ಬನಹಟ್ಟಿ ಪರಿಸರದ ಸ್ಥಳನಾಮಗಳ ನಿದರ್ಶನ

ಸ್ಥಳನಾಮ, ಹಸ್ತಪ್ರತಿ ಹಾಗೂ ಜಾನಪದ ಸಾಮಗ್ರಿಗಳ ಸೂಚಿಗಳು ಗಣಕಯಂತ್ರಕ್ಕೆ ಸಾಗುತ್ತಿರುವಾಗ, ನಮೂನೆಯಲ್ಲಿ ತುಂಬಿದ ಪದವು ಹುಡುಕಿದಾಗ ಅದೇ ಪದವಾಗಿ ದೊರೆಯುವುದೇ ಎಂಬುದು ಸಂಶೋಧನೆಯ ಪ್ರಾಮಾಣ್ಯಕ್ಕೆ ಸಂಬಂಧಿಸಿದ ಪ್ರಶ್ನೆ. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಯಂತ್ರದಲ್ಲಿ ಉಳಿಯುವ ಸಂಕೇತ ಬೇರೆ.

ಬಾಗಲಕೋಟೆ ಜಿಲ್ಲೆಯ 'ಬನಹಟ್ಟಿ' ಎಂಬ ಹೆಸರಿನಲ್ಲಿ ಓದುಗರು ನಾಲ್ಕು ಅಕ್ಷರಗಳನ್ನು ಕಾಣುತ್ತಾರೆ. ಯೂನಿಕೋಡಿನಲ್ಲಿ ಇದು ಬ, ನ, ಹ, ಟ, ಹಲಂತ ಚಿಹ್ನೆ, ಟ, ಗುಡಿಸು ಎಂಬ 7 ಸಂಕೇತಗಳು; ಯುಟಿಎಫ್-8 ಕ್ರಮದಲ್ಲಿ ತಲಾ 3ರಂತೆ 21 ಬೈಟ್‌ಗಳು. 20 ಬೈಟ್‌ಗಳ ಮಿತಿಯಿದ್ದರೆ ಕೊನೆಯ ಗುಡಿಸು ಒಡೆಯುತ್ತದೆ. ಇದೇ ಬೈಟ್‌ಗಳನ್ನು ಲ್ಯಾಟಿನ್-1 ಎಂದು ಓದಿದರೆ, ಸ್ವರಭಾರದ ಗುರುತುಳ್ಳ ರೋಮನ್ 'ಎ' ಏಳು ಸಲ ತೋರುತ್ತದೆ. ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟ್ ಒಂದೇ ಆಗಿರುವುದು ಇದಕ್ಕೆ ಕಾರಣ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳ ಸಮಸ್ಯೆ ಭಿನ್ನವಾದುದು. ಅವುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಸಂಕೇತಗಳ ಸ್ಥಾನದಲ್ಲಿದ್ದು, ತಲಕಟ್ಟಿಗೆ ಸ್ವರಭಾರದ ದೊಡ್ಡ 'ಎ'ಯ ಸ್ಥಾನ ದೊರೆತಿತ್ತು. ನಮೂನೆಗೆ ಅಂಟಿಸಿದಾಗ ಫಾಂಟ್ ಜೊತೆಗೆ ಬಾರದು. 'ನ' ಅಕ್ಷರವು ಪೌಂಡ್ ಚಿಹ್ನೆ ಮತ್ತು ಆ 'ಎ' ಆಗಿ ಉಳಿಯುತ್ತದೆ. ಮೊದಲನೆಯದು ಓದುವ ಕ್ರಮದ ದೋಷ. ಎರಡನೆಯದು ಪಠ್ಯದಲ್ಲಿಯೇ ಅಡಗಿರುವುದರಿಂದ ಪರಿವರ್ತಕ ತಂತ್ರಾಂಶ ಅನಿವಾರ್ಯ.

ಮೂರನೆಯ ದೋಷ ಕಣ್ಣಿಗೆ ಬೀಳುವುದೇ ಇಲ್ಲ. 'ಮುಧೋಳ'ದ ಓಕಾರವನ್ನು ಒಂದೇ ಸಂಕೇತವಾಗಿಯೂ, ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ದಾಖಲಿಸಬಹುದು. 'ಬೀಳಗಿ'ಯ ಈಕಾರವೂ ಗುಡಿಸು ಮತ್ತು ದೀರ್ಘವಾಗಿ ಒಡೆಯಬಲ್ಲದು. ರೂಪಗಳು ತೋರಿಕೆಗೆ ಒಂದೇ. ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಯಂತ್ರಕ್ಕೆ ಎರಡು ಬೇರೆ ಊರುಗಳು. ಹೀಗಾಗಿ ಸೂಚಿಯಲ್ಲಿರುವ ದಾಖಲೆಯೇ 'ಇಲ್ಲ' ಎಂದಾಗುತ್ತದೆ.

ಹಳಗನ್ನಡದ ವಿಷಯದಲ್ಲಿ ಎಚ್ಚರ ಇನ್ನೂ ಅಗತ್ಯ. ಯೂನಿಕೋಡ್ ಪಟ್ಟಿಯಲ್ಲಿ 'ಱ' ವ್ಯಂಜನಗಳ ಸಾಲಿನಲ್ಲಿಯೇ ಇದೆ. 'ೞ' ಮಾತ್ರ ಸ್ವರಚಿಹ್ನೆಗಳ ಆಚೆಗಿದೆ. 'ಕ'ದಿಂದ 'ಹ'ದವರೆಗಿನ ವ್ಯಂಜನಗಳನ್ನಷ್ಟೇ ಒಪ್ಪುವ ನಮೂನೆಯು ಮುಧೋಳದವನೆನ್ನಲಾದ ರನ್ನನ ಕಾವ್ಯದ 'ೞ'ಕಾರವನ್ನು ತಿರಸ್ಕರಿಸುತ್ತದೆ. ಇದರ ಆಂಗ್ಲ ನಾಮವೂ 'ಫ' ಎಂದು ತಪ್ಪಾಗಿ ದಾಖಲಾಗಿದೆ. ಹೆಸರುಗಳನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯ ನಾಮವಾಗಿ ಸೇರಿಸಲಾಗಿದೆ.

ಆದ್ದರಿಂದ ಪುಟ, ನಮೂನೆ, ದತ್ತಸಂಚಯ ಮೂರರಲ್ಲಿಯೂ ಯುಟಿಎಫ್-8 ಒಂದನ್ನೇ ಘೋಷಿಸಬೇಕು. ಸಂಗ್ರಹಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಯೂನಿಕೋಡಿನ ಒಂದೇ ಪ್ರಮಾಣರೂಪಕ್ಕೆ ತರಬೇಕು. ಪದದ ಉದ್ದವನ್ನು ಬೈಟ್‌ಗಳಿಂದಲ್ಲದೆ ಅಕ್ಷರಗಳಿಂದ ಅಳೆಯಬೇಕು. ಪಾಠಶುದ್ಧಿಯಲ್ಲಿ ಗ್ರಂಥಸಂಪಾದಕರು ತೋರುವ ಎಚ್ಚರವು ಸಂಕೇತಶುದ್ಧಿಗೂ ವಿಸ್ತರಿಸಬೇಕಾಗಿದೆ.