ಒಂದು ಬಾಗಿಲು, ಹಲವು ಹೆಸರು

ನಮ್ಮ ಹಳೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಕ್ಯಾಷುಯಲ್ಟಿ’ ಎಂಬ ಫಲಕವನ್ನು ವಾಚಕರು ಕಂಡಿರಬಹುದು. ಹಗಲಿರುಳೆನ್ನದೆ ತೆರೆದಿರುವ ಬಾಗಿಲು ಅದು. ಅಂಥದೇ ಬಾಗಿಲಿಗೆ ಲಂಡನ್ನಿನಲ್ಲಿ ‘ಎ ಅಂಡ್ ಇ’ ಎಂದೂ ನ್ಯೂಯಾರ್ಕಿನಲ್ಲಿ ‘ಇ.ಆರ್.’ ಎಂದೂ ಹೆಸರು. ಹೆಸರು ಯಾವುದಾದರೇನು, ಚಿಕಿತ್ಸೆ ಒಂದೇ ಅಲ್ಲವೆ ಎಂದು ಕೇಳಬಹುದು. ಆದರೆ ಆ ಬಾಗಿಲಿಗೆ ಯಾರು ಬರಬೇಕೆಂಬುದನ್ನು ರೋಗಿಗೆ ಮೊದಲು ತಿಳಿಸುವುದು ಆ ಹೆಸರೇ.

ಕ್ಯಾಷುಯಲ್ಟಿ ಶಬ್ದದ ಮೂಲ ಲ್ಯಾಟಿನ್ನಿನ ‘ಕಾಸುಸ್’. ಬೀಳುವಿಕೆ, ಆಕಸ್ಮಿಕ ಎಂದು ಅದರ ಅರ್ಥ. ಯುದ್ಧದಲ್ಲಿ ಮಡಿದವರನ್ನೂ ಗಾಯಗೊಂಡವರನ್ನೂ ಇಂಗ್ಲಿಷಿನಲ್ಲಿ ಇದೇ ಮಾತಿನಿಂದ ಎಣಿಸುವರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಅನೇಕ ಧರ್ಮಾಸ್ಪತ್ರೆಗಳನ್ನು ಸೇರಬೇಕಾದರೆ ಚಂದಾದಾರರೊಬ್ಬರ ಶಿಫಾರಸು ಪತ್ರ ಬೇಕಾಗಿತ್ತು. ಕಾಲು ಮುರಿದವನು ಪತ್ರ ಹುಡುಕಿಕೊಂಡು ಹೋಗಲಾರನಷ್ಟೆ! ಅಂಥವನಿಗೆ ಪತ್ರವಿಲ್ಲದೆಯೇ ಪ್ರವೇಶ ದೊರೆಯುತ್ತಿತ್ತು. ಕ್ರಮೇಣ ಪತ್ರವೂ ಹಣವೂ ಇಲ್ಲದ ಬಡವರು ಕೆಮ್ಮು, ಹೊಟ್ಟೆನೋವುಗಳಿಗೂ ಅದೇ ಬಾಗಿಲಿಗೆ ಬರತೊಡಗಿದರು. ಮುಂದೆ ಇಂಗ್ಲೆಂಡಿನ ಆಸ್ಥಾನಕವಿಯಾದ ರಾಬರ್ಟ್ ಬ್ರಿಜಸ್ ಆಗ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ಈ ವಿಭಾಗದ ವೈದ್ಯನಾಗಿದ್ದನು. ತಾನು ವರ್ಷವೊಂದರಲ್ಲಿ 30,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿದೆನೆಂದೂ ಒಬ್ಬೊಬ್ಬರಿಗೆ ದೊರೆತ ಕಾಲ ಸುಮಾರು ಒಂದೂಕಾಲು ನಿಮಿಷವೆಂದೂ ಅವನು 1878ರಲ್ಲಿ ಬರೆದನು. ಕವಿಯ ಲೆಕ್ಕವೆಂದು ಇದನ್ನು ತಳ್ಳಿಹಾಕುವಂತಿಲ್ಲ.

1962ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯ ಸಮಿತಿಯು ಈ ವಿಭಾಗವನ್ನು ‘ಅಪಘಾತ ಮತ್ತು ತುರ್ತು’ ಎಂಬರ್ಥದ ಹೆಸರಿನಿಂದ ಕರೆಯಬೇಕೆಂದು ಸಲಹೆ ಮಾಡಿತು. ‘ಎ ಅಂಡ್ ಇ’ ಎಂಬುದು ಅದರ ಸಂಕ್ಷೇಪ. ಆದರೂ ಹಳೆಯ ಹೆಸರು ಜನರ ಬಾಯಿಂದ ಹೋಗಲಿಲ್ಲ, 1986ರಲ್ಲಿ ಬಿ.ಬಿ.ಸಿ. ಆರಂಭಿಸಿದ ಆಸ್ಪತ್ರೆಯ ಧಾರಾವಾಹಿಗೆ ‘ಕ್ಯಾಷುಯಲ್ಟಿ’ ಎಂದೇ ಹೆಸರಾಯಿತು. ಅಮೆರಿಕದ ‘ಇ.ಆರ್.’ ಎಂದರೆ ತುರ್ತು ಕೊಠಡಿ. ಕೊಠಡಿ ಬೆಳೆದು ದೊಡ್ಡ ವಿಭಾಗವಾಗಿದೆ, ವೈದ್ಯರೂ ‘ವಿಭಾಗ’ವೆಂದೇ ಹೇಳುವರು, ಜನರಿಗೆ ಮಾತ್ರ ಅದಿನ್ನೂ ಕೊಠಡಿಯೇ.

ಭಾರತದಲ್ಲಿ ತುರ್ತು ವೈದ್ಯವು ಪ್ರತ್ಯೇಕ ಶಾಖೆಯೆಂದು ವೈದ್ಯಕೀಯ ಪರಿಷತ್ತಿನ ಮನ್ನಣೆ ಪಡೆದುದು 2009ರಲ್ಲಿ. ಬ್ರಿಟಿಷರಿಂದ ಬಂದ ಹೆಸರು ಇಲ್ಲಿಯೂ ಪೂರ್ತಿ ಅಳಿದಿಲ್ಲ. ಇನ್ನು ನಮ್ಮ ಭಾಷೆಗಳನ್ನು ನೋಡೋಣ. ಕಾಸರಗೋಡಿನ ಕನ್ನಡಿಗನು ತನ್ನೂರಿನ ಮಲಯಾಳ ಫಲಕದಲ್ಲಿ ‘ಅತ್ಯಾಹಿತ ವಿಭಾಗ’ವೆಂದು ಓದುವನು, ತಲಪಾಡಿ ದಾಟಿ ಮಂಗಳೂರಿಗೆ ಬಂದರೆ ಅದು ‘ತುರ್ತು ಚಿಕಿತ್ಸಾ ವಿಭಾಗ’ವಾಗುವುದು. ಇವೆರಡರಲ್ಲಿ ಕನ್ನಡದ ಹೆಸರೇ ಮೇಲೆಂದು ನನ್ನ ಎಣಿಕೆ. ಅತ್ಯಾಹಿತವೆಂದರೆ ನಡೆದುಹೋದ ಅನಾಹುತ. ತುರ್ತು ಎಂಬುದು ಈಗ ಆಗಬೇಕಾದ ಕೆಲಸ. ‘ಅಪಘಾತ’ವೆಂದಷ್ಟೇ ಬರೆದ ಫಲಕವನ್ನು ಕಂಡರೆ, ಎದೆನೋವಿನಿಂದ ಬೆವರುತ್ತಿರುವವನು ಇದು ತನಗಲ್ಲವೆಂದು ಹೊರರೋಗಿಗಳ ಸಾಲಿನಲ್ಲಿ ನಿಂತುಬಿಡಬಹುದು. ಹೃದಯಾಘಾತದಲ್ಲಿ ರಕ್ತನಾಳವು ಮುಚ್ಚಿರುವಷ್ಟು ಕಾಲವೂ ಹೃದಯದ ಸ್ನಾಯು ಸಾಯುತ್ತಲೇ ಇರುವುದು.

ಕನ್ನಡದಲ್ಲಿಯೂ ಒಂದು ತೊಡಕುಂಟು. ‘ಐ.ಸಿ.ಯು.’ವನ್ನು ಪತ್ರಿಕೆಗಳು ಕೆಲವೊಮ್ಮೆ ‘ತುರ್ತು ನಿಗಾ ಘಟಕ’ವೆಂದು ಬರೆಯುವುವು. ‘ತೀವ್ರ ನಿಗಾ ಘಟಕ’ವೆಂಬುದೇ ಸರಿ. ತುರ್ತು ವಿಭಾಗಕ್ಕೆ ರೋಗಿಯು ಬೀದಿಯಿಂದ ನೇರವಾಗಿ ಬರಬಹುದು. ತೀವ್ರ ನಿಗಾ ಘಟಕಕ್ಕೆ ಅವನನ್ನು ವೈದ್ಯರೇ ಕಳುಹಿಸುವರು.