ಪಶುಗಳ ಬಾಲದ ಕೊಳೆರೋಗ: ನಿದಾನ ಮತ್ತು ಚಿಕಿತ್ಸೆ

ಕನ್ನಡ ವಾಙ್ಮಯವು ಕಾವ್ಯಕ್ಕಷ್ಟೇ ಸೀಮಿತವಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಅದೇ ಶತಮಾನದ ಶರಣ ತುರುಗಾಹಿ ರಾಮಣ್ಣನವರು ಗೋವುಗಳನ್ನು ಕಾಯುವುದನ್ನೇ ಕಾಯಕವಾಗಿ ಕೈಕೊಂಡರು. ಇಂತಹ ಪರಂಪರೆಯ ವಾರಸುದಾರರು ಮೂಕಪ್ರಾಣಿಗಳ ವ್ಯಾಧಿಗಳ ವಿಷಯದಲ್ಲಿ ಉದಾಸೀನರಾಗಿರುವುದು ಉಚಿತವಲ್ಲ.

ಎಮ್ಮೆಗಳಲ್ಲಿ ಹೆಚ್ಚಾಗಿಯೂ ದನಗಳಲ್ಲಿ ಕೆಲಮಟ್ಟಿಗೂ ಕಾಣುವ ಒಂದು ವ್ಯಾಧಿಗೆ ಪಶುವೈದ್ಯರು ‘ಡೆಗ್ನಾಲ’ವೆಂದು ಹೆಸರಿಟ್ಟಿದ್ದಾರೆ. ಅವಿಭಕ್ತ ಪಂಜಾಬಿನ ಡೇಗ್ ನಾಲಾ ಎಂಬ ಹಳ್ಳದ ಆಸುಪಾಸಿನಲ್ಲಿ 1930ರ ದಶಕದಲ್ಲಿ ಇದು ಗುರುತಿಸಲ್ಪಟ್ಟಿತು. ಬತ್ತದ ಹುಲ್ಲೇ ಮುಖ್ಯ ಮೇವಾಗಿರುವ ಸೀಮೆಗಳಲ್ಲಿ ಚಳಿಗಾಲದಲ್ಲಿ ಇದರ ಬಾಧೆ ಅಧಿಕ. ತೇವವಾರದೆ ಬಣವೆಗೆ ಸೇರಿದ ಹುಲ್ಲಿನಲ್ಲಿ ಫ್ಯುಸೇರಿಯಂ ಮೊದಲಾದ ಬೂಷ್ಟು ಬೆಳೆಯುತ್ತದೆ. ಅದರ ವಿಷವು ಸಣ್ಣ ರಕ್ತನಾಳಗಳನ್ನು ಸಂಕೋಚಗೊಳಿಸುವುದರಿಂದ ದೇಹದ ತುದಿಗಳಿಗೆ ರಕ್ತ ತಲುಪದು. ಬಾಲದ ತುದಿ, ಕಿವಿಯಂಚು, ಗೊರಸಿನ ಸುತ್ತಣ ಭಾಗ ಇವು ಮೊದಲು ಕೆಡುತ್ತವೆ.

ವೈದ್ಯಶಾಸ್ತ್ರದಲ್ಲಿ ‘ನಿದಾನ’ವೆಂದರೆ ರೋಗದ ಮೂಲವನ್ನು ಅರಿಯುವುದು, ಈ ನಿದಾನದಲ್ಲಿ ನಿಧಾನ ಸಲ್ಲದು. ಬಾಲವನ್ನು ಮುಟ್ಟಿ ನೋಡಬೇಕು. ತುದಿ ತಣ್ಣಗಿದ್ದು, ಕೂದಲು ಉದುರಿ, ಚರ್ಮ ಒಣಗಿ ಕಪ್ಪಾಗಿದ್ದು, ಚುಚ್ಚಿದರೂ ಪಶುವಿಗೆ ಅರಿವಾಗದಿದ್ದರೆ ಆ ಭಾಗ ಸತ್ತಿದೆಯೆಂದು ತಿಳಿಯಬೇಕು. ಕಿವಿ, ಗೊರಸುಗಳಲ್ಲಿಯೂ ಇದೇ ಚಿಹ್ನೆಗಳಿದ್ದು, ಒಂದೇ ಹುಲ್ಲನ್ನು ತಿಂದ ಹಲವು ಪಶುಗಳಲ್ಲಿ ಕಂಡರೆ ಮೇವಿನ ಮೇಲೆ ಸಂದೇಹ ಬಲವಾಗುತ್ತದೆ. ಒಂದೇ ಪಶುವಿನ ಬಾಲ ಮಾತ್ರ ಕೆಟ್ಟಿದ್ದರೆ ಹಗ್ಗದ ಬಿಗಿತ, ಗಾಯ ಅಥವಾ ಮೂಳೆಮುರಿತವನ್ನು ಶೋಧಿಸಬೇಕು. ಬಾಲದ ಬುಡದಲ್ಲಿ ತುರಿಕೆ ಮತ್ತು ಹೊಪ್ಪಳೆಗಳಿದ್ದರೆ ಕಜ್ಜಿಯ ನುಸಿಯನ್ನು ಶಂಕಿಸಬೇಕು. ಬಾಯಲ್ಲಿ ಹುಣ್ಣು, ಜೊಲ್ಲು ಇದ್ದರೆ ಅದು ಕಾಲುಬಾಯಿ ಜ್ವರವಿರಬಹುದು.

ಚಿಕಿತ್ಸೆಯಲ್ಲಿ ಮೊದಲನೆಯದು, ಕೆಟ್ಟ ಹುಲ್ಲನ್ನು ಆ ದಿನವೇ ನಿಲ್ಲಿಸುವುದು. ಕಬ್ಬಿಣ, ತಾಮ್ರ, ಸತು, ಕೋಬಾಲ್ಟ್, ಮೆಗ್ನೀಸಿಯಂ ಇವುಗಳ ಸಲ್ಫೇಟುಗಳನ್ನು ಬೆರೆಸಿದ ‘ಪೆಂಟಾಸಲ್ಫೇಟ್’ ಮಿಶ್ರಣವನ್ನು ವೈದ್ಯರು ಪ್ರಮಾಣವರಿತು ಕೊಡುತ್ತಾರೆ. ಹುಣ್ಣನ್ನು ತೊಳೆದು, ನೊಣ ಕೂರದಂತೆ ಮುಲಾಮು ಹಚ್ಚಬೇಕು. ಸತ್ತ ಭಾಗ ಜೀವಂತವಾಗದು. ಕೊಳೆ ಮೇಲಕ್ಕೇರುವ ಮುನ್ನ ವೈದ್ಯರು ಬಾಲವನ್ನು ಮರಗಟ್ಟಿಸಿ, ಆರೋಗ್ಯವಂತ ಭಾಗದಲ್ಲಿಯೇ ಛೇದಿಸುತ್ತಾರೆ. ಕುಡುಗೋಲಿನಿಂದ ಮನೆಯಲ್ಲಿ ಕತ್ತರಿಸುವುದು, ಬರೆ ಎಳೆಯುವುದು ಇವು ರಕ್ತಸ್ರಾವಕ್ಕೂ ಧನುರ್ವಾಯುವಿಗೂ ದಾರಿ. ಬಾಲ ಹೋದರೂ ಪಶು ಬದುಕೀತು. ಗೊರಸು ಕಳಚಿದರೆ ನಿಲ್ಲಲಾರದು, ಅದರೊಡನೆ ಬಡ ಒಕ್ಕಲಿಗನ ಜೀವನೋಪಾಯವೂ ಕುಸಿಯುತ್ತದೆ.

ಸುಗ್ಗಿಯಲ್ಲಿ ಭಕ್ತಾದಿಗಳು ಮಠಗಳ ಗೋಶಾಲೆಗಳಿಗೆ ಹುಲ್ಲನ್ನು ಸಮರ್ಪಿಸುವುದು ನಮ್ಮಲ್ಲಿ ರೂಢಿ. ಆ ಹುಲ್ಲನ್ನು ಬಿಸಿಲಿಗೆ ಹರವಿ, ಚೆನ್ನಾಗಿ ಒಣಗಿಸಿ, ನೆಲದ ತೇವ ತಾಗದಂತೆ ಒಟ್ಟಿರಿ. ಬೂಷ್ಟು ಹಿಡಿದುದನ್ನು ಗೊಬ್ಬರದ ಗುಂಡಿಗೆ ಹಾಕಿರಿ, ಗೋದಲಿಗೆ ಹಾಕದಿರಿ. ದಾಸೋಹಕ್ಕೆ ಸಲ್ಲುವ ಪದಾರ್ಥ ಶುದ್ಧವಾಗಿರಬೇಕೆಂಬ ನಿಯಮ ಪಶುವಿನ ಗ್ರಾಸಕ್ಕೂ ಅನ್ವಯಿಸುತ್ತದೆ.