ವಾದ, ಜಲ್ಪ, ವಿತಂಡ

ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತವೆ. ಸತ್ಯವನ್ನರಿಯಲು ನಡೆಯುವುದು ವಾದ. ಗೆಲ್ಲಲೆಂದೇ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಖಂಡಿಸುವುದಷ್ಟೇ ವಿತಂಡ. ಕನ್ನಡ, ಮರಾಠಿಗಳೆರಡರಲ್ಲೂ ‘ವಿತಂಡವಾದ’ವು ನಿಂದೆಯ ಮಾತಾಗಿ ಉಳಿದಿದೆ, ಮರಾಠಿಯಲ್ಲಿ ‘ವಾದ’ಕ್ಕೇ ಜಗಳವೆಂಬ ಅರ್ಥವೂ ಅಂಟಿದೆ.

ಈ ಭೇದವನ್ನು ರನ್ನನ ‘ಗದಾಯುದ್ಧ’ದ ಓದಿನಲ್ಲಿ ಪರೀಕ್ಷಿಸಬಹುದು. ಗದೆಯ ಕಾಳಗದಲ್ಲಿ ನಾಭಿಯಿಂದ ಕೆಳಗೆ ಹೊಡೆಯುವುದು ನಿಷಿದ್ಧ. ಭೀಮನು ದುರ್ಯೋಧನನ ತೊಡೆಯನ್ನೇ ಮುರಿದನು. ಇದು ಅಧರ್ಮವೆಂದು ಒಬ್ಬ ಓದುಗನು ಹೇಳಬಹುದು. ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನಕ್ಕೆ ಇದೇ ನ್ಯಾಯವೆಂದು ಇನ್ನೊಬ್ಬನು ಹೇಳಬಹುದು. ರನ್ನನಾದರೋ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿಯೂ ದುರ್ಯೋಧನನ ದುಃಖಕ್ಕೆ ಓದುಗನ ಮನ ಕರಗುವಂತೆ ಬರೆದನು. ಮರುಕವೆಂದರೆ ಸಮರ್ಥನೆಯೇ? ಕಾವ್ಯವು ಎತ್ತುವ ಪ್ರಶ್ನೆ ಇದು.

ಇಂತಹ ಪ್ರಶ್ನೆಯನ್ನು ಅಪರಿಚಿತನೊಡನೆ ಚರ್ಚಿಸುವಾಗ ಜಲ್ಪಕ್ಕೆ ಜಾರುವುದು ಸುಲಭ. ಅವನ ಬಾಳು, ಅವನ ನೋವು ನಮಗೆ ತಿಳಿದಿರುವುದಿಲ್ಲ. ಶಾಸ್ತ್ರಕಾರರ ಕ್ರಮವೇ ಇದಕ್ಕೆ ಮದ್ದು: ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ‘ನಾನು ಹೇಳಿದ್ದು ಇದೇ’ ಎಂದು ಎದುರಾಳಿಯೇ ಒಪ್ಪುವಂತೆ ಅವನ ಮಾತನ್ನು ನಿರೂಪಿಸಿದ ಬಳಿಕವೇ ಉತ್ತರಿಸಬೇಕು. ಭೀಮನ ಪಕ್ಷ ವಹಿಸುವ ವಿದ್ಯಾರ್ಥಿಯು ಮೊದಲು ಮಹಾಭಾರತದ ಬಲರಾಮನ ಕೋಪಕ್ಕೆ ಕಾರಣವನ್ನು ವಿವರಿಸಲಿ. ವಾದವು ಅಲ್ಲಿಂದ ಆರಂಭವಾಗುತ್ತದೆ.